ಬಲಗಾಲಿನ ಮೆಟ್ಟು

ಇಸಿಡೋರನಿಗೆ ಮೂವತ್ತೆರಡು ಬಂತು. ನಲವತ್ತಕ್ಕೆ ಮೂವತ್ತೆರಡು.

ಒಳ್ಳೆಯ ಅಂಕ ಎಂದುಕೊಳ್ಳಬೇಡಿ. ಈ ಪರೀಕ್ಷೆಯಲ್ಲಿ ಹೆಚ್ಚು ಬಂದವನ ಕಥೆ ಮುಗಿದ ಹಾಗೆ. ಮೂವತ್ತು ಮುಟ್ಟಿದರೆ ನೀನು ಸೈಕೋಪಾಥ್. ಅಂದರೆ ಕರುಳಿಲ್ಲದವನು. ಮಾಡಿದ್ದಕ್ಕೆ ಮರುಗದವನು. ನಗುನಗುತ್ತಲೇ ಮೋಸ ಮಾಡುವವನು. ಹೊರಗೆ ಬಿಟ್ಟರೆ ಮತ್ತೆ ಕೊಲ್ಲುವವನು. ಇಪ್ಪತ್ತು ಸಾಲಿನ ಒಂದು ಪಟ್ಟಿ ಇದೆ. ಸಾಲಿಗೆ ಸೊನ್ನೆ, ಒಂದು, ಇಲ್ಲವೇ ಎರಡು. ಕೊನೆಗೆ ಕೂಡಿಸಿದರೆ ಮನುಷ್ಯ ಎಂಥವನು ಅಂತ ಗೊತ್ತಾಗಿಬಿಡುತ್ತದಂತೆ. ಥೂ.

ನಾನು ಆಂಬ್ರೋಸ್. ಇಸಿಡೋರನೂ ನಾನೂ ಈ ಸೆರೆಮನೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇವೆ. ಇಬ್ಬರೂ ಕ್ರೀ ಜನ, ಬಿಳಿಯರಿಗಿಂತ ಮೊದಲು ಈ ನೆಲದಲ್ಲಿದ್ದ ಆದಿವಾಸಿಗಳು. ಹೊರಗೆ ನಮ್ಮವರು ಎಷ್ಟು ಕಮ್ಮಿಯೋ ಇಲ್ಲಿ ಅಷ್ಟು ಜಾಸ್ತಿ. ಆರುನೂರು ಜನರ ಹಾಸು, ಹೊದಿಕೆ, ಒಳಚಡ್ಡಿ ನಮ್ಮ ಕೈಮೇಲೆ ಹಾಯುತ್ತವೆ. ಕಾಯಿಲೆ ಬಿದ್ದವರ ಹಾಸು ಬೇರೆ. ನೇಣು ಹಾಕಿಕೊಂಡವರ ಹಾಸು ಬೇರೆ. ಒದ್ದೆ ಹಾಸುಗಳನ್ನು ಮಿಷನ್ನಿನಿಂದ ಎಳೆಯುವಾಗ ಸೊಂಟ ಬಿದ್ದುಹೋಗುತ್ತದೆ. ಬ್ಲೀಚಿಗೆ ಬೆರಳ ಸಂದಿಯ ಚರ್ಮ ಸುಲಿದು ಕೆಂಪು ಮಾಂಸ ಕಾಣುತ್ತದೆ. ಹೊರಗೆ ಉಗುಳು ನೆಲಕ್ಕೆ ಬೀಳುವುದರೊಳಗೆ ಗಟ್ಟಿಯಾಗುವ ಚಳಿ. ಒಳಗೆ ಹಬೆಯಲ್ಲಿ ಬೆವರು ಸುರಿಯುತ್ತದೆ.

ಇಸಿಡೋರ ನನಗಿಂತ ಏಳೆಂಟು ವರ್ಷ ದೊಡ್ಡವನು. ಅಣ್ಣ ಎನ್ನುತ್ತೇನೆ. ಹದಿನಾಲ್ಕು ವರ್ಷದಿಂದ ಒಳಗಿದ್ದಾನೆ. ಕುಡಿದ ಜಗಳದಲ್ಲಿ ತನ್ನ ಚಿಕ್ಕಮ್ಮನ ಮಗನನ್ನೇ ಚಾಕುವಿನಿಂದ ಇರಿದು ಕೊಂದ. ಅದನ್ನು ಅವನು ಮುಚ್ಚಿಡುವುದಿಲ್ಲ. ನಾನೂ ಮುಚ್ಚಿಡುವುದಿಲ್ಲ. ಅವನು ಇಲ್ಲಿರುವುದು ತಪ್ಪು ಎಂದು ನಾನು ಹೇಳುತ್ತಿಲ್ಲ.

ನಮ್ಮ ಹಿರಿಯರೇ ನಡೆಸುವ ಒಂದು ಜಾಗ ಇದೆ. ಅದೂ ಸೆರೆಮನೆಯೇ, ಆದರೆ ಬೇಲಿಯಿಲ್ಲ. ಬೇಲಿಯಿಲ್ಲದ ಮನೆ ಎನ್ನುತ್ತೇವೆ. ಅಲ್ಲಿಂದ, ಇಸಿಡೋರ ಅವ್ವ ಎನ್ನುವ ಡೆಲ್ಫೀನಮ್ಮನ ಮನೆ ಎರಡು ಗಂಟೆ ದಾರಿ. ಆಕೆಗೆ ಕಿಡ್ನಿ ಹೋಗಿತ್ತು. ಸಕ್ಕರೆ ಕಾಯಿಲೆಗೆ ಹಿಂದಿನ ವರ್ಷ ಬಲಗಾಲು ಕತ್ತರಿಸಿದ್ದರು. ಸಾಯುವುದರೊಳಗೆ ಇಸಿಡೋರನ ಮುಖ ನೋಡಬೇಕು ಎನ್ನುತ್ತಿದ್ದಳು. ಇಲ್ಲಿಯವರೆಗೆ ಬರಲು ಆಕೆಗೆ ಆಗುತ್ತಿರಲಿಲ್ಲ. ಅವನನ್ನು ಬೇಲಿಯಿಲ್ಲದ ಮನೆಗೆ ಕಳಿಸಿದ್ದರೆ ವಾರಕ್ಕೊಮ್ಮೆ ಯಾರಾದರೂ ಆಕೆಯನ್ನು ಗಾಡಿಯಲ್ಲಿ ಕರೆತರುತ್ತಿದ್ದರು. ಅವನನ್ನು ತಡೆಯುತ್ತಿದ್ದದ್ದು ಆ ಮೂವತ್ತೆರಡು.

ಪರೀಕ್ಷೆ ಮಾಡಿದ ಡಾಕ್ಟರಮ್ಮನ ವರದಿಯ ಪ್ರತಿ ಇಸಿಡೋರನ ಕೈಗೆ ಬಂದದ್ದು ಫೆಬ್ರವರಿಯ ಒಂದು ಬೆಳಿಗ್ಗೆ. ಅವನಿಗೆ ಇಂಗ್ಲಿಷ್ ಓದಲು ಅಷ್ಟಾಗಿ ಬರುವುದಿಲ್ಲ. ಮಿಷನ್ನುಗಳು ತಿರುಗತೊಡಗಿದ ಮೇಲೆ ಇಬ್ಬರೂ ಕೊಳೆ ಬಟ್ಟೆಯ ಮೂಟೆಗಳ ಮೇಲೆ ಕುಳಿತೆವು.

"ಓದು," ಅಂದ. "ಒಂದೂ ಬಿಡ್ಬೇಡ."

"‘ಚಿಕ್ಕಂದಿನಿಂದಲೇ ಕೆಟ್ಟ ನಡತೆ. ಒಂಬತ್ತನೇ ವಯಸ್ಸಿನಲ್ಲಿ ಶಾಲೆಯಿಂದ ಪದೇ ಪದೇ ಓಡಿಹೋಗಿದ್ದಾನೆ.’ ಎರಡು."

"ಯಾವ ಶಾಲೆ ಅಂತ ಬರ್ದಿದಾರಾ?"

"ಇಲ್ಲಣ್ಣ."

ಪಾದ್ರಿಗಳ ವಸತಿಶಾಲೆ ಅದು. ಪೊಲೀಸರು ಬಂದು ತಾಯಿಯ ಕೈಯಿಂದ ಎಳೆದುಕೊಂಡು ಹೋಗಿದ್ದರು. ಹೋದ ದಿನವೇ ಜಡೆ ಕತ್ತರಿಸಿದರು. ಕ್ರೀ ಮಾತಾಡಿದರೆ ಬಾಯಿಗೆ ಸೋಪು. ಮಿಕ್ಕದ್ದನ್ನು ಅವನು ನನಗೂ ಹೇಳಿಲ್ಲ. ಹೆಪ್ಪುಗಟ್ಟಿದ ಸರೋವರದ ಮೇಲೆ ಎರಡು ದಿನ ನಡೆದು ಮನೆ ಸೇರಿದ್ದ. ಕಾಲಿನ ಎರಡು ಬೆರಳು ಹಿಮಕ್ಕೆ ಸತ್ತು ಉದುರಿದವು.

"ಎರಡು ಬೆರಳಿಗೆ ಎರಡು ಮಾರ್ಕು," ಅಂದ ಇಸಿಡೋರ. "ಲೆಕ್ಕ ಸರಿಯಾಗೇ ಇದೆ ಬಿಡು. ಮುಂದೆ ಓದು."

"‘ಪರರ ಮೇಲೆ ಬದುಕುವ ಸ್ವಭಾವ. ಸ್ವಂತ ಮನೆಯಿಲ್ಲ. ಅಕ್ಕನ ಮನೆ, ಚಿಕ್ಕಮ್ಮನ ಮನೆ ಎಂದು ಸರದಿಯ ಮೇಲೆ ಉಳಿದಿದ್ದಾನೆ.’ ಎರಡು."

"ಮತ್ತೆ ಇನ್ಯಾರ ಮನೇಲಿ ಇರ್ಬೇಕಿತ್ತಂತೆ? ಡಾಕ್ಟರಮ್ಮನ ಮನೇಲಾ?"

"ಕೆಲ್ಸ ಮಾಡ್ಲಿಲ್ಲ ಅಂತಾನೂ ಇದೆ."

"ಲೇ, ವರ್ಷಕ್ಕೆ ಎರಡು ಮೂಸ್ ಹೊಡೀತಿದ್ದೆ ಕಣೋ. ಮೂರು ಮನೆ ಚಳಿಗಾಲ ಅದ್ರಲ್ಲೇ ಕಳೀತಿತ್ತು. ಕೋಣದಂಥ ಪ್ರಾಣೀನ ತುಂಡು ಮಾಡಿ ಬೆನ್ನ ಮೇಲೆ ಹೊತ್ಕೊಂಡು ಬಂದಿದೀನಿ. ಅದು ಪಟ್ಟೀಲಿಲ್ವಾ?"

"ಅದಕ್ಕೆ ಸಾಲಿಲ್ಲ," ಎಂದು ಮುಂದಕ್ಕೆ ಓದಿದೆ.

"‘ಪೆರೋಲ್ ಷರತ್ತು ಮುರಿದಿದ್ದಾನೆ’ ಅಂತ ಇದೆ. ಅದಕ್ಕೂ ಎರಡು," ಅಂದೆ. ಬಹಳ ಹಿಂದಿನ ಒಂದು ಸಣ್ಣ ಕೇಸು ಅದು. ಅಜ್ಜಿಯ ಮಣ್ಣಿಗೆ ಹೋಗಿ ನಮ್ಮ ಪದ್ಧತಿಯಂತೆ ನಾಲ್ಕು ದಿನ ಬೆಂಕಿ ಆರದಂತೆ ಕಾಯುತ್ತಾ ಕುಳಿತಿದ್ದ. ಸೋಮವಾರ ಆಫೀಸಿಗೆ ಹೋಗಿ ಸಹಿ ಹಾಕಲಿಲ್ಲ.

"‘ಭಾವನೆಗಳು ಮೇಲುಮೇಲಿನವು. ಮಾತಾಡುವಾಗ ಕಣ್ಣು ತಪ್ಪಿಸುತ್ತಾನೆ. ಪ್ರಶ್ನೆ ಕೇಳಿದರೆ ಬಹಳ ಹೊತ್ತು ಸುಮ್ಮನಿರುತ್ತಾನೆ, ಸುಳ್ಳು ಹೊಂದಿಸುತ್ತಿರುವಂತೆ. ಕೊಲೆಯಾದವನ ಹೆಸರನ್ನು ಒಮ್ಮೆಯೂ ಹೇಳಲಿಲ್ಲ.’"

"ಅಲ್ವೋ, ಕಣ್ಣಿಗೆ ಕಣ್ಣಿಟ್ಟು ನೋಡಕ್ಕೆ ಅವಳೇನು ಜಗಳಕ್ಕೆ ಬಂದಿದ್ಲಾ? ಕೇಳಿದ ತಕ್ಷಣ ಪಟ್ ಅಂತ ಉತ್ರ ಕೊಟ್ರೆ ಅವಳ ಮಾತಿಗೆ ಬೆಲೆ ಕೊಟ್ಟಂಗಾಗುತ್ತಾ? ಸತ್ತೋನ ಹೆಸ್ರು ಯಾರಾದ್ರೂ ಹಿಡೀತಾರಾ?"

ಹೆಸರು ಹಿಡಿದರೆ ಸತ್ತವನು ತಿರುಗಿ ನೋಡುತ್ತಾನೆ, ದಾರಿ ತಪ್ಪುತ್ತಾನೆ. ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು ಅದು. ಕಾಲೇಜು ಓದಿದ ಡಾಕ್ಟರಮ್ಮನಿಗೆ ಗೊತ್ತಿಲ್ಲ.

ಮುಂದಿನ ಸಾಲು ಬಿಟ್ಟು ಹಾಳೆ ತಿರುಗಿಸಲು ಹೋದೆ. ಅವನು ಮೊಣಕೈಯಿಂದ ತಿವಿದ. ಓದಿದೆ.

"‘ವಂಚನೆ, ಇತರರನ್ನು ಬಳಸಿಕೊಳ್ಳುವ ಗುಣ. ಕೊಲೆಯಾದವನ ತಾಯಿಯನ್ನೇ ವಶ ಮಾಡಿಕೊಂಡಿದ್ದಾನೆ. ಆ ವೃದ್ಧೆಯನ್ನು ಅವ್ವ ಎಂದು ಕರೆಯುತ್ತಾನೆ. ವಾರವಾರ ಫೋನ್ ಮಾಡುತ್ತಾನೆ. ತನ್ನ ಬಿಡುಗಡೆಗಾಗಿ ಆಕೆಯಿಂದ ಪತ್ರ ಬರೆಸಿದ್ದಾನೆ. ಇಂಥ ಚಾಣಾಕ್ಷತೆ ಅಪರೂಪ.’ ಎರಡು."

ಇಸಿಡೋರ ತಮಾಷೆ ಮಾಡಲಿಲ್ಲ. ಮಿಷನ್ನು ನಿಂತಿತು. ಎದ್ದುಹೋಗಿ ಬಾಗಿಲು ತೆಗೆದು ಒಬ್ಬನೇ ಹಾಸುಗಳನ್ನು ಎಳೆಯತೊಡಗಿದ.

ಆ ಅವ್ವನೇ ಡೆಲ್ಫೀನಮ್ಮ. ಅವನು ಕೊಂದದ್ದು ಅವಳ ಒಬ್ಬನೇ ಮಗನನ್ನು. ಶಿಕ್ಷೆಯಾದ ತಿಂಗಳಿಗೆ ಕ್ಲೋವಿಸ್ ಅಜ್ಜನ ಕೈಲಿ ಅವಳು ಒಂದು ಕೋಟು ಕಳಿಸಿದಳು. ಕ್ಲೋವಿಸ್ ಅಜ್ಜ ನಮ್ಮ ಹಿರಿಯ, ನಮ್ಮ ಹೊಗೆ-ಪೂಜೆಗಳಿಗೆ ಸೆರೆಮನೆಗೆ ಬಂದು ಹೋಗುತ್ತಾನೆ. ಅದು ಸತ್ತ ಮಗನ ಕೋಟು. ಜೊತೆಗೆ ಒಂದು ಮಾತು. "ನನ್ನ ಮನೇಲಿ ಒಂದು ಜಾಗ ಖಾಲಿ ಮಾಡಿದೀಯ. ನೀನೇ ಬಂದು ಕೂರು."

ಹಿಂದಿನವರು ಹಾಗೆಯೇ ಮಾಡುತ್ತಿದ್ದರು. ಈಗ ಮಾಡುವವರು ಕಮ್ಮಿ. ಕೊಂದವನ ತಲೆ ತೆಗೆದರೆ ಎರಡು ಮನೆ ಖಾಲಿ. ಸತ್ತವನ ಜಾಗದಲ್ಲಿ ಕೊಂದವನೇ ಕುಳಿತು, ಸತ್ತವನು ಮಾಡಬೇಕಿದ್ದ ಕೆಲಸವನ್ನೆಲ್ಲ ಸಾಯುವವರೆಗೆ ಮಾಡಬೇಕು. ಕ್ಷಮಿಸು ಎನ್ನುವುದು ಅಲ್ಲಿ ಮಾತೇ ಅಲ್ಲ. ಮಗನ ಕೋಟು ಹಾಕಿಕೊಂಡು ತಾಯಿಯ ಮುಂದೆ ಕೂರುವುದಿದೆಯಲ್ಲ, ಅದರ ಭಾರ ಆ ಪಟ್ಟಿ ಬರೆದವರಿಗೆ ಗೊತ್ತಿಲ್ಲ. ನೇಣು ವಾಸಿ ಎನಿಸುತ್ತದೆ. ಇಸಿಡೋರ ಆ ಕೋಟನ್ನು ತೊಟ್ಟ ದಿನ ಅನ್ನ ಮುಟ್ಟಲಿಲ್ಲ. ಅಂದಿನಿಂದ ಡೆಲ್ಫೀನಮ್ಮ ಅವನಿಗೆ ಅವ್ವ. ಸತ್ತ ಮಗ ಅವಳಿಗೆ ವರ್ಷಕ್ಕೊಂದು ಜೊತೆ ಮೆಟ್ಟು ಹೊಲಿದು ಕೊಡುತ್ತಿದ್ದನಂತೆ. ಮೂಸ್ ತೊಗಲಿನ ಮೆತ್ತನೆ ಮೆಟ್ಟು, ಮೇಲೆ ಮಣಿ ಕೆಲಸ. ಇಸಿಡೋರ ಇಲ್ಲಿಂದಲೇ ಹೊಲಿದು ಕಳಿಸುತ್ತಿದ್ದ. ಆಕೆಯ ಕಾಲು ಹೋದ ಮೇಲೆ ಎಡಗಾಲಿನದು ಮಾತ್ರ ಹೊಲಿಯುತ್ತಿದ್ದ.

ಇಷ್ಟನ್ನೂ ಡೆಲ್ಫೀನಮ್ಮ ಪೆರೋಲ್ ಮಂಡಳಿಗೆ ಬರೆಸಿ ಕಳಿಸಿದ್ದಳು. ಅದೇ ಪತ್ರ ಅವನಿಗೆ ಎರಡು ಅಂಕವಾಯಿತು.

ಮರುಪರೀಕ್ಷೆಗೆ ಅರ್ಜಿ ಹಾಕಿದೆವು. ಒಪ್ಪಿದರು. ಆಗ ನಾನು ಒಂದು ಕೆಲಸ ಮಾಡಿದೆ. ಅದಕ್ಕೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುತ್ತೇನೆ. ಅವನಿಗೆ ಪಾಠ ಹೇಳಿಕೊಟ್ಟೆ. ಬಿಳಿಯರು ಹೇಗೆ ಪಾಸಾಗುತ್ತಾರೆ ಎಂದು ನೋಡಿದ್ದೆನಲ್ಲ.

"ಅಣ್ಣ, ಕಣ್ಣು ನೋಡಕ್ಕಾಗ್ದಿದ್ರೆ ಹುಬ್ಬಿನ ಮಧ್ಯ ನೋಡು. ಕೇಳಿದ ಕೂಡ್ಲೇ ಮಾತಾಡು. ‘ಪೂರ್ತಿ ಹೊಣೆ ನಂದೇ’ ಅಂತ ಶುರು ಮಾಡು."

"ಹೊಣೆ ನಂದಲ್ದೆ ಇನ್ಯಾರ್ದು? ಅದ್ನ ಬಾಯ್ಬಿಟ್ಟು ಬೇರೆ ಹೇಳ್ಬೇಕಾ?"

"ಹೇಳ್ಬೇಕು. ಅವನ ಹೆಸ್ರೂ ಹೇಳ್ಬೇಕು."

ಅವನು ಮಡಚಿದ್ದ ಹಾಸನ್ನು ಬಿಚ್ಚಿ ಮತ್ತೆ ಮಡಚಿದ. "ಅವ್ವಂಗೆ ಗೊತ್ತಾದ್ರೆ?"

"ಅವ್ವನ್ನ ನೋಡ್ಬೇಕೋ ಬೇಡ್ವೋ?"

ಆ ಮಾತು ನಾನು ಆಡಬಾರದಿತ್ತು. ಆ ದಿನ ಪೂಜೆಗೆಂದು ಬಂದಿದ್ದ ಕ್ಲೋವಿಸ್ ಅಜ್ಜ ಕೇಳಿಸಿಕೊಂಡು, "ಆಂಬ್ರೋಸ್, ಅವನಿಗೆ ನೀನು ಅವರ ಅಂಗಿ ಹಾಕಿಸ್ತಿದೀಯ. ಅದ್ರಲ್ಲಿ ಅವನು ಅವನ ಹಾಗೆ ಕಾಣಲ್ಲ," ಎಂದಷ್ಟೇ ಹೇಳಿದ. ನಾನು ಕೇಳಲಿಲ್ಲ. ಹತ್ತು ದಿನ ಇಸಿಡೋರನನ್ನು ಅರೆದೆ. ಹಾಸು ಮಡಚುತ್ತಾ, ಮೂಟೆ ಎತ್ತುತ್ತಾ, ಅದೇ ಮಾತು ಮತ್ತೆ ಮತ್ತೆ ಹೇಳಿಸಿದೆ.

ಮರುಪರೀಕ್ಷೆಯ ದಿನ ಇಸಿಡೋರ ಡಾಕ್ಟರಮ್ಮನ ಹುಬ್ಬು ನೋಡಿದ. ಹೊಣೆ ನಂದೇ ಎಂದ. ಸತ್ತವನ ಹೆಸರು ಹೇಳಿದ. ಅತ್ತ. ಆ ಅಳು ನಿಜ, ಹೆಸರು ಹಿಡಿದೆನಲ್ಲಾ ಎಂಬ ದಿಗಿಲಿಗೆ ಬಂದದ್ದು. ಲಾಂಡ್ರಿಗೆ ವಾಪಸು ಬಂದವನು ಕೊಳಾಯಿಯ ಹತ್ತಿರ ವಾಂತಿ ಮಾಡಿಕೊಂಡ. ನಾನು ಬೆನ್ನು ನೀವಿದೆ. ಕೈ ತಳ್ಳಿದ.

ವರದಿ ಬಂತು. "‘ಈ ಸಲ ಪಾಠ ಒಪ್ಪಿಸುವಂತೆ ಮಾತಾಡಿದ. ಕಣ್ಣೀರು ಸಮಯಕ್ಕೆ ಸರಿಯಾಗಿ ಬಂತು. ಕೇಳುವವರಿಗೆ ಬೇಕಾದದ್ದನ್ನು ಹೇಳುವ ಬಣ್ಣದ ಮಾತುಗಾರ.’" ಮೊದಲು ಆ ಸಾಲಿಗೆ ಸೊನ್ನೆ ಇತ್ತು. ಈಗ ಎರಡು. ಒಟ್ಟು ಮೂವತ್ನಾಲ್ಕು. ಸುಮ್ಮನಿದ್ದರೆ ಕರುಳಿಲ್ಲದವನು. ಅತ್ತರೆ ನಾಟಕದವನು. ಆ ಎರಡು ಅಂಕ ನನ್ನ ಉಪಕಾರ.

ಕೊನೆಯ ಹಾಳೆಯ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲು ಇತ್ತು. "ಆದಿವಾಸಿ ಕೈದಿಗಳ ವಿಷಯದಲ್ಲಿ ಈ ಅಳತೆ ಎಷ್ಟರಮಟ್ಟಿಗೆ ಸರಿ ಎಂಬುದು ಇನ್ನೂ ಖಚಿತವಾಗಿಲ್ಲ. ಎಚ್ಚರಿಕೆಯಿಂದ ಓದತಕ್ಕದ್ದು." ಮೂವತ್ನಾಲ್ಕನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಮಂಡಳಿಯವರು ಎಚ್ಚರಿಕೆಯಿಂದಲೇ ಓದಿದರು, ಬೇಲಿಯಿಲ್ಲದ ಮನೆ ಇಲ್ಲ ಎಂದರು.

ಮೂರು ವಾರಕ್ಕೆ ಡೆಲ್ಫೀನಮ್ಮ ತೀರಿಕೊಂಡಳು.

ಇಸಿಡೋರ ಮಣ್ಣಿಗೆ ಹೋಗಲು ಕೇಳಿದ. ಕೈಕೋಳ ಹಾಕಿ, ಕಾಲಿಗೆ ಸರಪಳಿ ಹಾಕಿ, ನಾಲ್ಕು ಜನ ಪಹರೆಯವರನ್ನು ಕಳಿಸಿ, ಹತ್ತು ನಿಮಿಷ ಸಾಕು ಅಂದ. ಮೇಲಧಿಕಾರಿ ಅಂಕ ನೋಡಿದ. ಮೂವತ್ತು ದಾಟಿದವರಿಗೆ ಬೆಂಗಾವಲಿನಲ್ಲೂ ಹೊರಗೆ ಬಿಡುವ ಕ್ರಮವಿಲ್ಲ ಅಂದ. ಅದೂ ಅಲ್ಲದೆ ಸತ್ತವಳು ಇವನ ರಕ್ತಸಂಬಂಧದ ತಾಯಿಯಲ್ಲ.

ಇಸಿಡೋರನ ಹತ್ತಿರ ತೊಗಲು ಇತ್ತು. ಎರಡು ದಿನ ಕೆಲಸದ ಬಿಡುವಿನಲ್ಲೆಲ್ಲ ಹೊಲಿದ. ಬ್ಲೀಚಿಗೆ ಸುಲಿದ ಬೆರಳಿಗೆ ಸೂಜಿ ಚುಚ್ಚಿ ರಕ್ತ ಬರುತ್ತಿತ್ತು, ಒರೆಸಿಕೊಂಡು ಹೊಲಿಯುತ್ತಿದ್ದ. ಈ ಸಲ ಎರಡೂ ಕಾಲಿನದು.

"ಬಲಗಾಲಿಂದೂ ಯಾಕಣ್ಣ?" ಅಂದೆ.

"ಅಲ್ಲಿ ಕುಂಟ್ಕೊಂಡು ಹೋಗ್ತಾಳೇನೋ? ಅಲ್ಲಿ ಎರಡೂ ಇರ್ತವೆ. ದಾರಿ ದೂರ ಇದೆ."

ಮುಗಿದ ಮೇಲೆ ನನ್ನ ಕಡೆ ಬೆನ್ನು ತಿರುಗಿಸಿ ಕುಳಿತ. ಜಡೆಯನ್ನು ಭುಜದಿಂದ ಹಿಂದಕ್ಕೆ ಎಸೆದ. ಹೆತ್ತವರು ಸತ್ತರೆ ಜಡೆ ಕತ್ತರಿಸಿ ಜೊತೆಗೆ ಕಳಿಸಬೇಕು. ತಾನೇ ಕತ್ತರಿಸಿಕೊಳ್ಳುವಂತಿಲ್ಲ, ಹತ್ತಿರದವನು ಕತ್ತರಿಸಬೇಕು. ಪಾದ್ರಿಗಳು ಕತ್ತರಿಸಿದ ಮೇಲೆ, ದೊಡ್ಡವನಾಗಿ ಅವನು ಬೆಳೆಸಿದ ಜಡೆ ಅದು. ಇಪ್ಪತ್ತೈದು ವರ್ಷದ್ದು. ಹರಿದ ಹಾಸು ಸರಿಮಾಡಲೆಂದು ಲಾಂಡ್ರಿಯ ಮೇಜಿಗೆ ಸರಪಳಿ ಹಾಕಿ ಕಟ್ಟಿದ ಒಂದು ಕತ್ತರಿ ಇದೆ. ಅದನ್ನು ಬಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಗೊತ್ತಿತ್ತು ನನಗೆ. ಅವನು ಬಾಯಿಬಿಟ್ಟು ಕೇಳಿರಲಿಲ್ಲ.

"ಕತ್ತರಿಸ್ಲಾ ಅಣ್ಣ?" ಅಂದೆ.

ಹೂಂ ಎಂದ. ಮೇಜಿನ ಹತ್ತಿರಕ್ಕೆ ತಲೆ ಬಗ್ಗಿಸಿ ತಂದ. ಮೊಂಡು ಕತ್ತರಿ. ಬಹಳ ಹೊತ್ತು ಹಿಡಿಯಿತು. ಜಡೆ ನನ್ನ ಕೈಗೆ ಬಂದಾಗ ಅವನ ಭುಜಗಳು ಅಲುಗುತ್ತಿದ್ದವು. ಸದ್ದು ಮಾಡಲಿಲ್ಲ. ಡಾಕ್ಟರಮ್ಮ ಆಗ ಬಂದು ನೋಡಬೇಕಿತ್ತು. ಜಡೆಯನ್ನು ಸುತ್ತಿ ಬಲಗಾಲಿನ ಮೆಟ್ಟಿನೊಳಗೆ ಇಟ್ಟ.

ಕ್ಲೋವಿಸ್ ಅಜ್ಜ ಆ ಗಂಟನ್ನು ತೆಗೆದುಕೊಂಡು ಹೊರಟ. ಗೇಟಿನಲ್ಲಿ ಬಿಚ್ಚಿಸಿದರು. ಎಪ್ಪತ್ತೆಂಟು ವರ್ಷದ ಮುದುಕನನ್ನು ಗೋಡೆಗೆ ಕೈ ಹಚ್ಚಿ ನಿಲ್ಲಿಸಿದರು. ಮೆಟ್ಟಿನೊಳಗೆ ಕೂದಲು ಸಿಕ್ಕಿತು. ಕೂದಲು ಕತ್ತರಿಸಬೇಕಾದರೆ ಹರಿತವಾದದ್ದು ಬೇಕು. ಹರಿತವಾದದ್ದು ಎಲ್ಲಿಂದ ಬಂತು? ವಿಚಾರಣೆ ಮುಗಿಯುವವರೆಗೆ ಮೆಟ್ಟು, ಜಡೆ ಎರಡನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನಂಬರು ಅಂಟಿಸಿದರು. ಅಜ್ಜ ಬರಿಗೈಯಲ್ಲಿ ಹೋದ. ಡೆಲ್ಫೀನಮ್ಮನ ಕಾಲಿಗೆ ಆಸ್ಪತ್ರೆಯವರು ಕೊಟ್ಟ ಕಾಲುಚೀಲ ಇತ್ತಂತೆ. ಒಂದೇ ಕಾಲುಚೀಲ.

ವಿಚಾರಣೆಗೆಂದು ನನ್ನನ್ನು ಡಾಕ್ಟರಮ್ಮನ ಕೋಣೆಗೆ ಕರೆದರು. ಡಾಕ್ಟರ್ ಹ್ಯಾಲ್ವರ್ಸನ್, ಮೂವತ್ತೈದರ ಹೆಂಗಸು. ಕೆಟ್ಟವಳಲ್ಲ. ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ. ಕಾಫಿ ಕೊಟ್ಟಳು. ಕುಳಿತುಕೊಳ್ಳಿ ಎಂದಳು.

"ಆಂಬ್ರೋಸ್, ನಿಮ್ಮದು ಇಪ್ಪತ್ತೆಂಟು ಇದೆ. ಏಪ್ರಿಲ್‌ನಲ್ಲಿ ನಿಮ್ಮ ಪೆರೋಲ್ ಬರುತ್ತೆ. ನಿಮಗೆ ಅವಕಾಶ ಇದೆ. ಇಂಥ ಅಂಕ ಬಂದವರು ಹತ್ತಿರ ಇರೋರನ್ನ ಬಳಸಿಕೊಳ್ತಾರೆ. ಇಸಿಡೋರ್ ನಿಮ್ಮ ಮೇಲೆ ಒತ್ತಡ ಹಾಕಿ ಕತ್ತರಿ ಬಳಸೋ ಹಾಗೆ ಮಾಡಿದ್ರೆ, ಅದನ್ನ ಹೇಳಿಬಿಡಿ. ನಿಮಗೇ ಒಳ್ಳೇದು."

"ನಾನೊಂದು ಕೇಳ್ಲಾ?"

"ಕೇಳಿ."

"ಈ ಪಟ್ಟೀನ ಮೊದ್ಲು ಯಾರ ಮೇಲೆ ಹಿಡಿದು ನೋಡಿದ್ರು?"

"ಹೆಚ್ಚಾಗಿ ಬಿಳಿ ಕೈದಿಗಳ ಮೇಲೆ."

"ನಮ್ಮೋರ ಮೇಲೆ?"

"ಅಧ್ಯಯನಗಳು ಕಮ್ಮಿ. ಕೆಲವರು ಪರವಾಗಿಲ್ಲ ಅಂತಾರೆ, ಕೆಲವರು ಅನುಮಾನ ಪಡ್ತಾರೆ. ಅದಕ್ಕೇ ಕೊನೇಲಿ ಆ ಎಚ್ಚರಿಕೆ ಸಾಲು ಹಾಕ್ತೀವಿ."

"ಆ ಸಾಲಿಗೆ ಎಷ್ಟು ಅಂಕ ಕಳೀತೀರಿ?"

ಅವಳು ಮೇಜು ನೋಡಿದಳು. ಪೆನ್ನು ತಿರುಗಿಸಿದಳು. ಬಹಳ ಹೊತ್ತು ಮಾತಾಡಲಿಲ್ಲ. ಕಣ್ಣು ತಪ್ಪಿಸಿದ್ದಕ್ಕೆ, ಉತ್ತರಕ್ಕೆ ತಡ ಮಾಡಿದ್ದಕ್ಕೆ ಅವಳಿಗೆ ಯಾರೂ ಎರಡು ಹಾಕುವುದಿಲ್ಲ.

"ಕಳೆಯೋಕೆ ಬರಲ್ಲ," ಅಂದಳು.

"ಹಂಗಾದ್ರೆ ಬರ್ಕೊಳ್ಳಿ. ಕತ್ತರಿ ಹಿಡಿದೋನು ನಾನು. ಅವನು ಕೇಳ್ಲಿಲ್ಲ. ಕತ್ತರಿಸ್ಲಾ ಅಂತ ನಾನೇ ಕೇಳ್ದೆ."

"ಯಾಕೆ?"

"ಅವನ ತಾಯಿ ಸತ್ತಿದ್ಲು."

"ಆಕೆ ಅವನ ತಾಯಿ ಅಲ್ಲ, ಆಂಬ್ರೋಸ್." ಮೆಲ್ಲಗೆ ಹೇಳಿದಳು, ತಿಳಿಯದವನಿಗೆ ತಿಳಿಹೇಳುವಂತೆ.

ನಾನು ಎದ್ದೆ. ಕಾಫಿ ಮುಟ್ಟಿರಲಿಲ್ಲ. "ಇನ್ನು ನನ್ನನ್ನ ಏನೂ ಕೇಳ್ಬೇಡಿ. ಏಪ್ರಿಲ್‌ನಲ್ಲೂ ಕೇಳ್ಬೇಡಿ, ಮುಂದಿನ ವರ್ಷಾನೂ ಕೇಳ್ಬೇಡಿ. ನಾನು ಈ ಕುರ್ಚೀಲಿ ಕೂರಲ್ಲ."

ಏಪ್ರಿಲ್‌ನಲ್ಲಿ ನನ್ನ ಪೆರೋಲ್ ಹೋಯಿತು. ಬಾಯಿ ಬಿಡದವನಿಗೆ ಹಳೆಯ ಕಡತ ನೋಡಿಯೇ ಅಂಕ ಹಾಕಬಹುದಂತೆ. ನನ್ನದು ಮೂವತ್ತೊಂದಾಯಿತು. ಓದಿ ಹೇಳಿದಾಗ ಇಸಿಡೋರ, "ಬಾ, ನೀನೂ ಬಾ," ಎಂದು ಪಕ್ಕದ ಮೂಟೆ ತಟ್ಟಿದ. ಮೋಟು ಕೂದಲಿನ ತಲೆ. ಮುಖ ಹತ್ತು ವರ್ಷ ಮುದಿಯಾಗಿತ್ತು.

ಮೇ ತಿಂಗಳಲ್ಲಿ ವಿಚಾರಣೆ ಮುಗಿಯಿತು ಎಂದು ಪಹರೆಯವನೊಬ್ಬ ಲಾಂಡ್ರಿಗೇ ಆ ಚೀಲ ತಂದ. ಕೈಯಲ್ಲಿ ರಸೀದಿ ಪುಸ್ತಕ.

"ಮೆಟ್ಟು ಒಂದು ಜೊತೆ, ಕೂದಲು ಒಂದು ಕಟ್ಟು. ನೋಡ್ಕೊಂಡು ಸಹಿ ಹಾಕು."

ಇಸಿಡೋರ ಒದ್ದೆ ಹಾಸು ಕೆಳಗಿಟ್ಟ. ಕೈ ಒರೆಸಿಕೊಂಡ. ಚೀಲವನ್ನು ಮುಟ್ಟಲಿಲ್ಲ. ಪ್ಲಾಸ್ಟಿಕ್ಕಿನೊಳಗೆ ಮಣಿಗಳು ಕಾಣುತ್ತಿದ್ದವು.

"ಇದು ನಂದಲ್ಲ," ಅಂದ.

"ನಿಂದಲ್ದೆ? ನೀನೇ ಹೊಲಿದದ್ದು ಅಂತ ಇದೆ."

"ಹೊಲಿದದ್ದು ನಾನು. ಅವು ಅವ್ವಂದು. ಅವಳ ಸಹಿ ತಗೊಂಡು ಬಾ."

"ತಮಾಷೆ ಮಾಡ್ಬೇಡ. ಅವಳು ಸತ್ತೋಗಿದಾಳೆ."

"ಅವಳು ಸತ್ತದ್ದು ನಿಮಗೆಲ್ಲ ಗೊತ್ತಿತ್ತಾ?" ಅಂದ ಇಸಿಡೋರ. ಈ ಸಲ ಹುಬ್ಬು ನೋಡಲಿಲ್ಲ, ನೆಟ್ಟಗೆ ಕಣ್ಣೊಳಗೇ ನೋಡಿದ. ಇಷ್ಟು ವರ್ಷದಲ್ಲಿ ಅವನು ಹಾಗೆ ಯಾರನ್ನಾದರೂ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಪಹರೆಯವನು ಒಂದು ಹೆಜ್ಜೆ ಹಿಂದೆ ಸರಿದ. ಕೈ ತಂತಾನೇ ಸೊಂಟದ ಪಟ್ಟಿಗೆ ಹೋಯಿತು. ಆಮೇಲೆ ರಸೀದಿಯಲ್ಲಿ ಸಹಿಯ ಜಾಗದಲ್ಲಿ ಏನೋ ಬರೆದುಕೊಂಡು ಚೀಲ ಎತ್ತಿಕೊಂಡು ಹೋದ. ನಾನು ಓರೆಗಣ್ಣಿನಲ್ಲಿ ಓದಿದೆ. "ಬೆದರಿಸುವ ನೋಟ" ಎಂದು ಬರೆದಿದ್ದ.

"ಏನು ಬರ್ದ?" ಅಂದ ಇಸಿಡೋರ.

ಹೇಳಿದೆ. ಅವನು ತಲೆಯಾಡಿಸಿದ. ಮಿಷನ್ನು ನಿಂತಿತ್ತು. ಇಬ್ಬರೂ ಬಗ್ಗಿ ಹಾಸುಗಳನ್ನು ಎಳೆಯತೊಡಗಿದೆವು.